ಲಿಂಗರಾಜಪುರದ ಬೆಚ್ಚಗಿನ ಗೋಡೆ

2001ರ ಡಿಸೆಂಬರ್‌ನ ಒಂದು ಮಧ್ಯಾಹ್ನ, ಲಿಂಗರಾಜಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮರದ ಗೋಡೆ ಒಳಗಿನಿಂದ ಹೊತ್ತಿಕೊಂಡಿತು. ಅದಕ್ಕೆ ಕೆಲವು ದಿನ ಮೊದಲೇ ಗೋಡೆ ಬೆಚ್ಚಗಾಗಿತ್ತು. ಅದು ನಮಗೆ ಗೊತ್ತಿತ್ತು. ಎಂಟು ತಿಂಗಳ ಮಗಳ ಹಾಸಿಗೆಯನ್ನು ಬೇಕೆಂದೇ ಆ ಗೋಡೆಗೆ ತಾಗಿಸಿ ಹಾಕಿದ್ದೆವು.

ಕಲಬುರ್ಗಿಯಿಂದ ನಾವು ಬಂದದ್ದು ಆ ವರ್ಷದ ಮಳೆಗಾಲದ ಆರಂಭದಲ್ಲಿ. ಪತ್ರಿಕೆಯೊಂದರಲ್ಲಿ ನನಗೆ ಸಂಜೆ ಪಾಳಿಯ ಕೆಲಸ. ಇಲ್ಲಿ ಒಂದು ಮನೆಯನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟರೆ ಆ ಭಾಗಕ್ಕೆ ‘ಪೋರ್ಷನ್’ ಅನ್ನುತ್ತಾರೆ. ನಮ್ಮದು ಮೊದಲ ಮಹಡಿಯ ಅರ್ಧ. ಮಾಲೀಕ ಮುನಿರಾಜು ಅವರದು ಆ ಊರಿನ ಹಳೆಯ ಕುಟುಂಬ; ಸೊಪ್ಪು ಬೆಳೆಯುತ್ತಿದ್ದ ನೆಲದಲ್ಲಿ ಈಗ ಬಾಡಿಗೆ ಮನೆಗಳು. ಒಂದು ಉದ್ದನೆಯ ಹಜಾರವನ್ನು ಅವರು ಮರದ ಗೋಡೆಯಿಂದ ಎರಡು ಮಾಡಿದ್ದರು.

ಕಲಬುರ್ಗಿ ಕಡೆ ಗೋಡೆ ಎಂದರೆ ಕಲ್ಲು, ಮೊಳ ದಪ್ಪ. ಪಕ್ಕದ ಮನೆಯಲ್ಲಿ ಮದುವೆ ಮಾತುಕತೆ ನಡೆದರೂ ಈಚೆಗೆ ಕೇಳಿಸದು. ಇಲ್ಲಿನ ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದು. ಎರಡು ಸಾಲು ತೆಳು ಹಲಗೆ, ನಡುವೆ ಗೇಣಿಗಿಂತ ಕಡಿಮೆ ಪೊಳ್ಳು.

“ಫಾರಿನ್ ಮರ ಸಾರ್, ಪೈನು. ಕೆ.ಆರ್. ಪುರಂ ಗುಜರೀಲಿ ತಂದಿದ್ದು. ಇದ್ರೊಳಗೆ ಮಿಷಿನ್ ಬಂದಿತ್ತು, ಈಗ ನೀವು ಬಂದಿದೀರ,” ಎಂದು ಮುನಿರಾಜು ನಕ್ಕರು.

ಹಡಗಿನಲ್ಲಿ ಯಂತ್ರಗಳನ್ನು ತುಂಬಿ ತಂದ ಪೆಟ್ಟಿಗೆಗಳನ್ನು ಬಿಚ್ಚಿದ ಹಲಗೆ ಅದು. ಹಗುರ, ಅಗ್ಗ, ಮೊಳೆ ಸಲೀಸಾಗಿ ಇಳಿಯುತ್ತದೆ. ಅದರ ಮೇಲೆ ಕಪ್ಪು ಬಣ್ಣದಲ್ಲಿ ತೆರೆದ ಕೊಡೆ, ಗಾಜಿನ ಲೋಟ, ಯಾವ ಭಾಗ ಮೇಲಿರಬೇಕೆಂದು ತೋರಿಸುವ ಬಾಣದ ಗುರುತುಗಳಿದ್ದವು. ಎಲ್ಲವೂ ತಲೆಕೆಳಗಾಗಿದ್ದವು. ಗಂಟುಗಳಿಂದ ಜೇನಿನ ಬಣ್ಣದ ಅಂಟು ಒಸರುತ್ತಿತ್ತು. ಒಮ್ಮೆ ಒಣಗಿದ ಗಂಟೊಂದು ಕಳಚಿ ಬಿತ್ತು. ಆಚೆ ಸಾಲಿನ ಬಿರುಕು ದಾಟಿ ಆ ತೂತಿನಿಂದ ಪಕ್ಕದ ಮನೆಯ ಬೆಳಕು ನಮ್ಮ ನೆಲದ ಮೇಲೆ ನಾಣ್ಯದಗಲ ಬಿದ್ದು, ಆಚೆ ಯಾರಾದರೂ ಓಡಾಡಿದಾಗಲೆಲ್ಲ ಆರಿ ಹೊತ್ತುತ್ತಿತ್ತು.

ಆಚೆ ಇದ್ದವರು ಸೆಲ್ವಿ. ತಮಿಳು ಮನೆಮಾತು, ಹುಟ್ಟಿ ಬೆಳೆದದ್ದು ಶಿವಾಜಿನಗರ. ಕಮರ್ಷಿಯಲ್ ಸ್ಟ್ರೀಟ್‌ನ ಅಂಗಡಿಯೊಂದಕ್ಕೆ ಬ್ಲೌಸ್ ಹೊಲಿದು ಕೊಡುತ್ತಿದ್ದರು. ಅವರ ಮೋಟಾರ್ ಮಶೀನು ಶುರುವಾದರೆ ನಮ್ಮ ಕಡೆಯ ಡಬ್ಬಿಗಳೆಲ್ಲ ನಡುಗುತ್ತಿದ್ದವು. ಮಗು ಬೆಚ್ಚಿ ಎದ್ದು ಅಳುತ್ತಿತ್ತು.

ನನ್ನ ಹೆಂಡತಿ ಮಹಾದೇವಿ ಮಾಲೀಕರಿಗೆ ಹೇಳಿಯೇಬಿಟ್ಟಳು. “ಇದು ಗ್ವಾಡಿ ಏನ್ರಿ ಅಣ್ಣಾ? ಅವರ ಮನ್ಯಾಗ ಸೀನಿದ್ರ ನಮ್ಮ ಕೂಸು ಏಳ್ತದ.”

“ನೀವಿಬ್ರೂ ಮಾತಾಡೋದು ಕೆಳಗಡೆ ನಂಗೇ ಕೇಳ್ಸತ್ತಲ್ಲಮ್ಮ. ನಿಮ್ಮ ಕಡೆಯೋರು ಗುಟ್ಟು ಹೇಳಿದ್ರೂ ಜಗಳ ಆಡ್ದಂಗೆ ಇರ್ತದೆ,” ಎಂದರು ಮುನಿರಾಜು.

ಉಪಾಯ ಹೇಳಿದ್ದೂ ಅವರೇ. ಮೇಲಿನ ಪಟ್ಟಿ ಕಿತ್ತು, ಸೆಲ್ವಿಯವರ ಮನೆಯಲ್ಲಿ ಮೂಟೆಗಟ್ಟಲೆ ಬಿದ್ದಿದ್ದ ಕತ್ತರಿಸಿದ ಬಟ್ಟೆಚೂರುಗಳನ್ನು ಪೊಳ್ಳಿನೊಳಗೆ ಸುರಿದು ಕೋಲಿನಿಂದ ಅದುಮಿದೆವು. ಎರಡೂ ಮನೆಯವರು ಸೇರಿ ನಗುನಗುತ್ತ ಮಾಡಿದ ಕೆಲಸ. ಹೊಲಿಗೆ ಮಶೀನಿನ ವೈರು ಅದೇ ಪೊಳ್ಳಿನಲ್ಲಿ ಹಾದುಹೋಗಿತ್ತು. ನಡುವೆ ಒಂದು ಕಡೆ ಟೇಪು ಸುತ್ತಿದ ಜೋಡಣೆ ಇತ್ತು.

ಮಶೀನಿನ ಸದ್ದು ಉಡುಗಿತು. ಮಗು ನಿದ್ದೆ ಮಾಡಿತು. ಆದರೆ ಪೂರ್ತಿ ಮೌನ ಬರಲಿಲ್ಲ. ಸೆಲ್ವಿಯವರ ಮಾತಿನಲ್ಲಿದ್ದ ಪದಗಳು ಹೋಗಿ ಗುನುಗು ಮಾತ್ರ ಉಳಿಯಿತು. ಅದು ಆಚೆ ಮನೆಯಿಂದಲ್ಲ, ಗೋಡೆಯ ಒಳಗಿನಿಂದಲೇ ಬಂದಂತಿರುತ್ತಿತ್ತು. ಆಗಾಗ ಹಲಗೆ ಟಕ್ ಎನ್ನುತ್ತಿತ್ತು. ಮರ ಒಣಗುವ ಸದ್ದು ಎಂದು ನಾನು ಹೇಳಿದೆ. ಮಹಾದೇವಿ ಒಪ್ಪಲಿಲ್ಲ. “ಯಾರೋ ಒಳಗ ಕುಂತಾರ ನೋಡ್ರಿ,” ಎಂದಳು.

ಡಿಸೆಂಬರ್ ಬಂತು. ಬೆಂಗಳೂರಿನ ಚಳಿ ನಮಗೆ ಹೊಸದು. ಒಂದು ದಿನ ಮಹಾದೇವಿ ಗೋಡೆಗೆ ಅಂಗೈ ಇಟ್ಟು ಕರೆದಳು.

“ಇಲ್ಲಿ ನೋಡ್ರಿ. ನಮ್ಮ ಊರ ಗ್ವಾಡಿ ಹಂಗ ಬೆಚ್ಚಗ ಅದ.”

ಕಲಬುರ್ಗಿಯ ಕಲ್ಲುಗೋಡೆ ಹಗಲೆಲ್ಲ ಬಿಸಿಲು ಕುಡಿದು, ಹೊತ್ತು ಮುಳುಗಿದ ಮೇಲೂ ಕಾವು ಕೊಡುತ್ತದೆ. ಚಳಿಗಾಲದಲ್ಲಿ ಅದಕ್ಕೆ ಬೆನ್ನು ಕೊಟ್ಟು ಕೂರುತ್ತ ಬೆಳೆದವರು ನಾವು. ಈ ಗೋಡೆಗೆ ಬಿಸಿಲು ಬೀಳುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಅಂದೇ ಮಗಳ ಹಾಸಿಗೆ ಅಲ್ಲಿಗೆ ಹೋಯಿತು.

ಅದರ ಜೊತೆ ಒಂದು ವಾಸನೆ. ಧೂಪದ್ದು, ಹಿತವಾಗಿತ್ತು. ಸೆಲ್ವಿಯವರ ಪೂಜೆ ಇರಬೇಕು ಎಂದುಕೊಂಡೆವು.

ಆ ಮಧ್ಯಾಹ್ನ ಸೆಲ್ವಿ ನಮ್ಮ ಬಾಗಿಲಿಗೆ ಬಂದರು. ಕಣ್ಣು ಕೆಂಪಗಿದ್ದವು. “ಏನ್ ಮಾದೇವಕ್ಕಾ, ದಿನಾ ಇಷ್ಟು ಧೂಪ ಹಾಕ್ತೀರ? ದೇವ್ರಿಗೇ ಕೆಮ್ಮು ಬರುತ್ತೆ.”

“ನಾವೆಲ್ಲಿ ಹಾಕ್ತೀವಿ? ನೀವಲ್ಲೇನು?”

“ಅಯ್ಯೋ, ನಮ್ಮನೇಲಿ ಧೂಪಾನೇ ಇಲ್ಲ.”

ಮೂವರೂ ಗೋಡೆಯ ಕಡೆ ತಿರುಗಿದೆವು. ಮಹಾದೇವಿ ಮಗುವನ್ನು ಎತ್ತಿಕೊಂಡಳು. ದಿಂಬಿದ್ದ ಜಾಗದ ಹಿಂದೆ ಹಲಗೆ ಕಂದು ಬಣ್ಣಕ್ಕೆ ತಿರುಗಿತ್ತು. ಗಂಟಿನ ಅಂಟು ಕರಗಿ ದಾರದಂತೆ ಇಳಿದಿತ್ತು; ಧೂಪದ ವಾಸನೆ ಅದರದೇ. ಸೆಲ್ವಿ ಮಶೀನು ನಿಲ್ಲಿಸಲು ಓಡಿದರು.

ನಮ್ಮ ಕೂಗು ಕೇಳಿ ಮುನಿರಾಜು ಹಾರೆ ಹಿಡಿದು ಮೇಲೆ ಬಂದರು. “ಬೇಡ, ಮುಟ್ಟಬೇಡಿ,” ಎಂದೆ. “ಇಲಿ ವೈರು ಕಡ್ದಿರ್ಬೇಕು, ನೋಡೋಣ ಇರಿ ಸಾರ್,” ಎಂದು ಒಂದು ಹಲಗೆ ಎಬ್ಬಿಸಿದರು. ಒಳಗೆ ಜ್ವಾಲೆ ಇರಲಿಲ್ಲ. ಬಟ್ಟೆಚೂರುಗಳ ಅಂಚುಗಳಲ್ಲಿ ಕೆಂಪು ಗೆರೆಯೊಂದು ಸದ್ದಿಲ್ಲದೆ ಹರಿದಾಡುತ್ತಿತ್ತು. ಗಾಳಿ ತಾಗಿತು. ಉಸಿರೆಳೆದುಕೊಂಡಂಥ ಸದ್ದಾಯಿತು. ಮರುಕ್ಷಣ ಬೆಂಕಿ ಎರಡು ಹಲಗೆಗಳ ನಡುವೆ ಸೂರಿನವರೆಗೆ ಎದ್ದು ಸೆಲ್ವಿಯವರ ಕಡೆಗೆ ನುಗ್ಗಿತು.

ಎಲ್ಲರೂ ಕೆಳಗಿಳಿದೆವು. ಅಗ್ನಿಶಾಮಕ ವಾಹನಕ್ಕೆ ಆ ಗಲ್ಲಿಯೊಳಗೆ ನುಗ್ಗಲಾಗಲಿಲ್ಲ. ತಿರುವಿನಲ್ಲಿ ನಿಂತು ಪೈಪು ಎಳೆದರು. ಯಾರಿಗೂ ಗಾಯವಾಗಲಿಲ್ಲ. ಸೆಲ್ವಿಯವರ ಮಶೀನು, ಯಾರದೋ ಮದುವೆಯ ಬ್ಲೌಸುಗಳು ಸುಟ್ಟುಹೋದವು.

ಬೂದಿ ಕೆದಕಿದ ಅಧಿಕಾರಿ ಮುನಿರಾಜುಗೆ ಹೇಳಿದ್ದು ಇಷ್ಟು: “ಮರ ಹಾಕೋದು ತಪ್ಪಲ್ಲ ಕಣ್ರೀ. ದಪ್ಪ ತೊಲೆ ಆದ್ರೆ ಹೊರಗಡೆ ಕಪ್ಪಾಗಿ ನಿಧಾನಕ್ಕೆ ಸುಡುತ್ತೆ, ಓಡಿಹೋಗಕ್ಕೆ ಟೈಮ್ ಕೊಡುತ್ತೆ. ಇದು ಪೆಟ್ಟಿಗೆ ಹಲಗೆ. ಪೊಳ್ಳಿನಲ್ಲಿ ಬೆಂಕಿ ತಡೆಯೋಕೆ ಒಂದು ಅಡ್ಡಪಟ್ಟಿನೂ ಇಲ್ಲ, ಬೆಂಕಿನ ಮೇಲಕ್ಕೆ ಎಳೆಯೋ ಚಿಮಣಿ ಆಗ್ಬಿಟ್ಟಿದೆ. ಸದ್ದು ತಡೆಯೋಕೆ ರಾಕ್‌ವೂಲ್ ಅಂತ ಕಲ್ಲಿನ ನಾರು ಬರುತ್ತೆ, ಅದನ್ನ ತುಂಬಬೇಕು, ಅದು ಉರಿಯಲ್ಲ. ಎರಡೂ ಕಡೆ ಜಿಪ್ಸಂ ಬೋರ್ಡು ಹೊಡೀಬೇಕು. ವೈರಿಗೆ ಬೇರೆ ಪೈಪು ಹಾಕ್ಬೇಕು; ಆ ಟೇಪು ಸುತ್ತಿದ ಜೋಡಣೆ ಕಾದು ಬಟ್ಟೆಗೆ ಹತ್ಕೊಂಡಿದೆ. ನೀವು ಬತ್ತಿ ಹೊಸೆದು ಇಟ್ಟಿದೀರಿ.”



ಮಹಾದೇವಿ ಮುಂದಿನ ವಾರವೇ ಮಗಳನ್ನು ಕರೆದುಕೊಂಡು ಕಲಬುರ್ಗಿಗೆ ಹೊರಟಳು. ದಂಡು ರೈಲು ನಿಲ್ದಾಣದಲ್ಲಿ ನಾನು, ಇನ್ನು ಇಟ್ಟಿಗೆ ಮನೆಯನ್ನೇ ಹುಡುಕುತ್ತೇನೆ ಎಂದೆ.

“ಬೆಂಕಿ ಹತ್ತಿತಲ್ಲ, ಅದಕ್ಕಲ್ರಿ. ಆ ಕಾವು ನಮಗ ಹಿತ ಅನಿಸ್ತಲ್ಲ, ಅದರದು ಅಂಜಿಕಿ,” ಎಂದಳು.

ಸೆಲ್ವಿ ಈಗ ಹಲಸೂರಿನ ತಂಗಿಯ ಮನೆಯಲ್ಲಿದ್ದು ಮತ್ತೆ ಹೊಲಿಯುತ್ತಿದ್ದಾರೆ. ನಾನು ಜೀವನ್ ಬಿಮಾ ನಗರದಲ್ಲಿ ಇಟ್ಟಿಗೆ ಮನೆ ಹಿಡಿದಿದ್ದೇನೆ. ಕಚೇರಿಯಲ್ಲಿ ನನ್ನ ಹೆಸರು ‘ಗುಲ್ಬರ್ಗಾ’. ಯುಗಾದಿಗೆ ಊರಿಗೆ ಹೋದಾಗ ನಮ್ಮ ಓಣಿಯ ಅಜ್ಜಿ, “ಬೆಂಗಳೂರಿನೋರು ಯಾವಾಗ ಬಂದ್ರಿ? ಮತ್ತ ಯಾವಾಗ ಹೋಗ್ತೀರಿ?” ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಮಹಾದೇವಿ, ಮಗಳು ಅಲ್ಲೇ ಉಳಿದರು; ನಾನು ಒಬ್ಬನೇ ಹಿಂದಿರುಗಿದೆ.

ಮಗಳು ನಡೆಯಲು ಕಲಿತಿದ್ದಾಳೆ ಎಂದು ಕಳೆದ ಭಾನುವಾರ ಎಸ್‌ಟಿಡಿ ಬೂತ್‌ನಿಂದ ಮಹಾದೇವಿಯ ಜೊತೆ ಮಾತಾಡಿದಾಗ ತಿಳಿಯಿತು.