ನಮ್ಮ ಹಿಂದೆ ಬಂದ ಬಾತ್‌ರೂಮು

ಹುಟ್ಟಿದಾರಭ್ಯ ಒಂದು ರಾತ್ರಿಯೂ ಡೇರೆಯಲ್ಲಿ ಮಲಗದ ನಾಲ್ವರು ಗಂಡಸರು ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಯ ಹಿಂದಿನ ಮರದ ಡೆಕ್ ಮೇಲೆ ಕೂತು, ಮೋಟರ್‌ಹೋಮ್ ಕೊಳ್ಳಬೇಕೋ ಟ್ರೇಲರ್ ಕೊಳ್ಳಬೇಕೋ ಎಂದು ಅರ್ಧ ಬೇಸಿಗೆಯನ್ನೇ ತಿಂದು ಹಾಕಿದರು. ಅವರಲ್ಲೊಬ್ಬ ನನ್ನ ಗಂಡ. ಮಿಕ್ಕವರು ಅವನ ಸ್ನೇಹಿತರು, ಯೂಟ್ಯೂಬ್ ನೋಡಿ ಪಂಡಿತರಾದವರು. ನಾನು ಕರಿದ ಬೋಂಡಾ ಖಾಲಿಯಾದಷ್ಟೂ ಅವರ ಜ್ಞಾನ ಉಕ್ಕುತ್ತಿತ್ತು.

ನನಗೆ ಬೇಕಾಗಿದ್ದು ಒಂದೇ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದ ಅಮ್ಮ ಮನೆ ಬಿಟ್ಟು ಎಲ್ಲೂ ಹೊರಟಿರಲಿಲ್ಲ. ವಯಸ್ಸಾಗಿ ಮೂತ್ರ ತಡೆಯುವುದು ಅವಳಿಗೆ ಕಷ್ಟ. ಹೆತ್ತ ಮಗಳ ಹತ್ತಿರವೂ ಅದನ್ನು ಪಿಸುಮಾತಿನಲ್ಲೇ ಹೇಳಿದ್ದಳು. ಅವಳಿಗೆ ಇಲ್ಲಿಯ ಸಮುದ್ರ ತೋರಿಸಬೇಕೆಂದು ನನ್ನ ಆಸೆ. ಮೋಟರ್‌ಹೋಮ್ ಎಂದರೆ ಬಸ್ಸಿನೊಳಗೇ ಮನೆ. ಗಾಡಿ ಓಡುತ್ತಿದ್ದರೂ ಎದ್ದು ಹಿಂದಿನ ಬಾತ್‌ರೂಮಿಗೆ ಹೋಗಬಹುದು. ಟ್ರೇಲರನ್ನು ಪಿಕಪ್ ಟ್ರಕ್ಕಿನ ಬಾಲಕ್ಕೆ ಕಟ್ಟಿ ಎಳೆಯಬೇಕು, ಓಡುವಾಗ ಅದರೊಳಗೆ ಯಾರೂ ಕೂರುವಂತಿಲ್ಲ. ಇಷ್ಟು ಅರ್ಥವಾಗಲು ಇಂಜಿನಿಯರಿಂಗ್ ಓದಬೇಕಿಲ್ಲ. ಓದಿದರೆ ಅರ್ಥವಾಗುವುದಿಲ್ಲವೇನೋ.

"ಟ್ರೇಲರ್‌ಗೆ ರೀಸೇಲ್ ವ್ಯಾಲ್ಯೂ ಜಾಸ್ತಿ," ಎಂದ ಬಾಸ್ಕಿಂಗ್ ರಿಡ್ಜ್‌ನ ಸ್ನೇಹಿತ. "ಬಾತ್‌ರೂಮೂ ದೊಡ್ಡದು."

"ಹೋಗ್ತಾ ಇರುವಾಗ ಅಮ್ಮ ಏನ್ಮಾಡ್ಬೇಕು?" ಎಂದೆ.

"ಗಾಡಿ ಪಕ್ಕಕ್ಕೆ ಪುಲ್ ಓವರ್ ಮಾಡಿದ್ರಾಯ್ತು ಕಣೇ, ಸಿಂಪಲ್," ಎಂದ ನನ್ನ ಗಂಡ.

ಅವನಿಗೆ ಎಲ್ಲವೂ ಸಿಂಪಲ್. ಕಷ್ಟಪಡುವವರು ಬೇರೆಯವರಲ್ಲವೇ!

ಟ್ರೇಲರ್ ಬಂತು. ಚಕ್ರದಡಿ ನಿಂಬೆಹಣ್ಣಿಟ್ಟು ಅಮ್ಮನೇ ಆರತಿ ಎತ್ತಿದಳು. "ಅತ್ತೆ, ಇನ್ನು ಯೋಚನೇನೇ ಬೇಡ, ಬಾತ್‌ರೂಮು ನಮ್ಮ ಜೊತೇಲೇ ಬರುತ್ತೆ," ಎಂದು ಅಳಿಯ ಎದೆಯುಬ್ಬಿಸಿದ. ಪ್ರಯಾಣವೆಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುವ ಹೆಂಗಸರ ಕಾಲದವಳು ಅಮ್ಮ. ಅಂಥವಳು ಅಳಿಯನ ಮಾತು ನಂಬಿ, ಹೊರಡುವ ದಿನ ಬೆಳಿಗ್ಗೆ ನಾನು ಬೇಡವೆನ್ನುವಷ್ಟರಲ್ಲಿ ಎರಡನೆಯ ಲೋಟ ಕಾಫಿಯನ್ನೂ ಕುಡಿದಿದ್ದಳು. "ಜೊತೇಲೇ ಇರುತ್ತಲ್ಲ ಕಣೇ," ಎಂದು ನಕ್ಕಳು.

ಟರ್ನ್‌ಪೈಕ್ ಹೆದ್ದಾರಿ ಹತ್ತಿದ ಸ್ವಲ್ಪ ಹೊತ್ತಿಗೇ, ಕ್ರ್ಯಾನ್‌ಬರಿಯ ಗೋದಾಮುಗಳ ಹತ್ತಿರ, ಲಾರಿಗಳ ನಡುವೆ ಸಿಕ್ಕಿ ನಿಂತೆವು. ಟ್ರಕ್ಕಿನ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಅಮ್ಮ ನನ್ನ ಕೈ ಹಿಡಿದಳು. ಆಮೇಲೆ ಹಿಂಡಿದಳು.

"ಪಕ್ಕಕ್ಕೆ ಹಾಕು," ಎಂದೆ.

"ಇಷ್ಟುದ್ದ ಟ್ರೇಲರ್ ಇಟ್ಕೊಂಡು ಈ ಟ್ರಾಫಿಕ್ಕಲ್ಲಿ ಲೇನ್ ಚೇಂಜ್ ಮಾಡಕ್ಕಾಗುತ್ತಾ? ರೆಸ್ಟ್ ಏರಿಯಾ ಇನ್ನೇನು ಬಂತು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಅಡ್ಜಸ್ಟ್ ಮಾಡಿಕೊಳ್ಳಬೇಕಂತೆ! ಕೂದಲುದುರುತ್ತಿದ್ದ ಅವನ ತಲೆಯ ಹಿಂಭಾಗ ನೋಡುತ್ತಾ ನನಗೆ ಅಸಹ್ಯವಾಯಿತು. ರೀಸೇಲ್ ವ್ಯಾಲ್ಯೂ ಇಲ್ಲದ ತಲೆ. ಅಷ್ಟರಲ್ಲಿ ಅಮ್ಮನ ಹಿಡಿತ ಮೆಲ್ಲಗೆ ಸಡಿಲವಾಯಿತು. ಅವಳು ಕಿಟಕಿಯತ್ತ ಮುಖ ತಿರುಗಿಸಿದಳು.

ರೆಸ್ಟ್ ಏರಿಯಾದಲ್ಲಿ ಅವನು ಜಿಗಿದಿಳಿದು ಟ್ರೇಲರಿನ ಬಾಗಿಲು ತೆರೆದ. "ಬನ್ನಿ ಅತ್ತೆ! ಕ್ಯೂ ಇಲ್ಲ, ಏನಿಲ್ಲ, ನಮ್ಮದೇ ಬಾತ್‌ರೂಮು!"

ಅಮ್ಮ ಸೆರಗನ್ನು ಮಡಿಲ ಮೇಲೆ ಹರಡಿಕೊಂಡಳು. "ನೀವು ಹೋಗ್ಬನ್ನಿ," ಎಂದಳು. "ನಾನು ಇಲ್ಲೇ ಕೂತಿರ್ತೀನಿ."