ಕೊನೆಯ ಹಾಲು

ಗಂಗಕ್ಕನನ್ನು ಗೆಲ್ಲಿಸಿದ್ದು ವಿಜ್ಞಾನ ಎಂದು ಕೊಲ್ಹಾಪುರದ ನಮ್ಮ ಬೋರ್ಡಿಂಗಿನ ಗೆಳೆಯರು ಚಹದ ಬಸಿ ಮುಂದಿಟ್ಟುಕೊಂಡು ಈಗಲೂ ಹೇಳುತ್ತಾರೆ. ಹಾಲಿಗೆ ನೀರು ಬೆರೆಸುತ್ತಾಳೆಂಬ ದೂರು ಬಂತು, ಪ್ರಯೋಗಶಾಲೆಯಲ್ಲಿ ಪರೀಕ್ಷೆಯಾಯಿತು, ಸತ್ಯ ಹೊರಬಿತ್ತು, ಗಂಗಕ್ಕ ಉಳಿದಳು. ಇಷ್ಟು ನುಣುಪಾದ ಕಥೆ ಕೇಳಿದಾಗಲೆಲ್ಲ, ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷದ ಮಾತನ್ನು ಎಳೆ ಎಳೆಯಾಗಿ ಬಿಡಿಸಿಯೇ ಬೆಳೆದ ನನಗೆ ಎದ್ದು ನಿಂತು 'ಅಧ್ಯಕ್ಷರೇ' ಎನ್ನಬೇಕೆನಿಸುತ್ತದೆ. ಪರೀಕ್ಷೆ ಮಾಡಿದವನೂ ನಾನೇ. ಆದ್ದರಿಂದ, ಮಿತ್ರರೇ, ನಿಮ್ಮ ಮುಂದಾದರೂ ಎದ್ದು ನಿಲ್ಲುತ್ತೇನೆ.

ಮುಂಬಯಿ ರಾಜ್ಯ ಹೋಗಿ ಮಹಾರಾಷ್ಟ್ರವಾದ ಹೊಸತು. ಇಚಲಕರಂಜಿಯ ಮಗ್ಗದ ಸದ್ದಿನಿಂದ ಪಾರಾಗಿ ಬಂದ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತ, ಎಮ್ಮೆಯ ಹಾಲಿನ ಘಟಕಗಳನ್ನು ಶೋಧಿಸುತ್ತಿದ್ದ ಪ್ರಾಧ್ಯಾಪಕರ ಕೈಕೆಳಗೆ ಗಾಜಿನ ನಳಿಕೆ ತೊಳೆಯುವುದರಿಂದ ಹಿಡಿದು ಕೊಬ್ಬು ಅಳೆಯುವವರೆಗೆ ಎಲ್ಲ ಕಲಿಯುತ್ತಿದ್ದೆ. ಗಂಗಕ್ಕ ಗಡಹಿಂಗ್ಲಜ ಕಡೆಯವಳು. ಗಂಡ ತೀರಿದ ಮೇಲೆ ಎರಡು ಎಮ್ಮೆ ಹೊಡೆದುಕೊಂಡು ಬಂದು ನಮ್ಮ ಓಣಿಯ ಹಿಂದೆ ನೆಲೆಸಿದ್ದಳು. ನಂಬಿಕೊಂಡ ಗಿರಾಕಿ ಎಂದರೆ ನಮ್ಮ ಬೋರ್ಡಿಂಗ್ ಒಂದೇ. ಅದು ತಪ್ಪಿದರೆ ಎಮ್ಮೆಗಳನ್ನು ಮಾರಿ ಊರಿಗೆ ಮರಳುವುದೊಂದೇ ದಾರಿ.

ಕಾಸಿದ ಹಾಲಿಗೆ ಕೆನೆ ಕಟ್ಟುತ್ತಿಲ್ಲವೆಂಬುದೇ ಬೋರ್ಡಿಂಗಿನ ಮೇಲ್ವಿಚಾರಕರ ಸಾಕ್ಷ್ಯ. ಪಾತ್ರೆಯೊಳಗೆ ಚಮಚ ಆಡಿಸಿ ತೋರಿಸುತ್ತ, "ಕಾಯ್ ಹೋ ಗಂಗಾಬಾಯಿ, ಇದು ಹಾಲೊ, ಪಂಚಗಂಗೆ ಹೊಳೆಯ ನೀರೊ?" ಎಂದರು.

"ಪಂಚಗಂಗಿ ಇಷ್ಟ ಬೆಳ್ಳಗ ಇದ್ದಿದ್ರ ನಾ ಎಮ್ಮಿ ಸೆಗಣಿ ಯಾಕ ಬಳೀತಿದ್ನಿರೀ ಸಾಹೇಬ್ರ?" ಎಂದಳು ಗಂಗಕ್ಕ. ಹುಡುಗರು ನಕ್ಕರು. ಅವಳು ಮಾತ್ರ ನಗಲಿಲ್ಲ.

ನಾನು ಹಾಲನ್ನು ಪ್ರಯೋಗಶಾಲೆಗೆ ಒಯ್ದೆ. ನೀರು ಬಲು ನಿಷ್ಪಕ್ಷಪಾತಿ: ಅದು ಬೆರೆತರೆ ಹಾಲಿನ ಸಕ್ಕರೆ, ಸಸಾರಜನಕ, ಕೊಬ್ಬು ಎಲ್ಲವೂ ಒಟ್ಟಾಗಿ ತೆಳುವಾಗುತ್ತವೆ. ಇಲ್ಲಿ ಉಳಿದವೆಲ್ಲ ಇದ್ದಷ್ಟೇ ಇದ್ದು, ಕೊಬ್ಬೊಂದೇ ಕುಸಿದಿತ್ತು. ಅಂದರೆ ನೀರಿನ ಆರೋಪ ಬಿತ್ತು. ಕೆನೆ ಕದ್ದಳೇ ಎಂಬ ಅದಕ್ಕಿಂತ ಹೊಲಸಾದ ಸಂಶಯ ಎದ್ದಿತು. ಒಂದು ಸುಳ್ಳನ್ನು ಕೆಡವಿದ ಪ್ರಯೋಗ ಸತ್ಯವನ್ನೂ ಕೈಗಿಡುತ್ತದೆಂದು ಯಾರು ಹೇಳಿದರು?

ಮರುದಿನ ಬೆಳಿಗ್ಗೆ ಅವಳ ಕೊಟ್ಟಿಗೆಯಲ್ಲಿ ನಿಂತು ಹಿಂಡುವುದನ್ನು ನೋಡಿದೆ. ಕೆಚ್ಚಲು ಇನ್ನೂ ಬರಿದಾಗಿರಲಿಲ್ಲ, ಅವಳು ಚರಿಗೆಯನ್ನೆತ್ತಿಕೊಂಡು ಕರುವಿನ ಹಗ್ಗ ಬಿಚ್ಚಿದಳು. ಅದು ಗಂಡುಗರು, ಮುಂದೆ ಹಾಲು ಕೊಡದ ಇಂಥ ಕರುಗಳನ್ನು ಬಹಳ ಮನೆಗಳಲ್ಲಿ ಹಸಿವಿಗೇ ಬಿಟ್ಟುಬಿಡುತ್ತಾರೆ.

"ಇಷ್ಟಕ್ಕ ಬಿಟ್ಟಿ ಯಾಕ?" ಎಂದೆ.

"ಕಡೀದು ಅವಂದೊ ತಮ್ಮಾ. ಅಂವಾ ಮೊದಲ ಬಾಯಿ ಹಾಕಿದ್ರನ ಇಕಿ ಹಾಲ ಇಳಸ್ತಾಳ. ಅವನ್ನ ಮುಂದ ಮಾಡಿ ಹಾಲ ತಗೊಂಡು, ಆಮ್ಯಾಲ ಹೋಗಲೇ ಅಂದ್ರ ಹೆಂಗ? ನಿಮ್ಮ ಕಾಲೇಜಿನ್ಯಾಗ ಹಂಗ ಕಲಸ್ತಾರೇನ?"

ಮೊದಲ ಹಾಲು, ಕೊನೆಯ ಹಾಲು ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ತಂದು ಅಳೆದೆ. ಕೊನೆಯದರ ನಳಿಕೆಯಲ್ಲಿ ಕೊಬ್ಬು ಹೊಂಬಣ್ಣದ ಕಂಬವಾಗಿ ಎತ್ತರಕ್ಕೆ ನಿಂತಿತು. ಮೊದಲನೆಯದು ಅದರ ಪಕ್ಕದಲ್ಲಿ ಬಡವಾಗಿ ಕಂಡಿತು. ನಮ್ಮ ಕೆನೆ ಎಲ್ಲಿಗೆ ಹೋಗುತ್ತಿತ್ತೆಂಬುದು ತಿಳಿಯಿತು. ಪುಸ್ತಕಗಳು 'ಪೂರ್ಣ ಹಾಲು' ಎನ್ನುವಾಗ ಕೆಚ್ಚಲಿನ ಒಡೆಯ ಯಾರೆಂದು ಕೇಳುವುದೇ ಇಲ್ಲ. ಅಲ್ಲಿ ಕರು ಎಂಬ ಕಕ್ಷಿದಾರನೇ ಇಲ್ಲ.

ಎಲ್ಲವನ್ನೂ ಮೇಲ್ವಿಚಾರಕರಿಗೆ ವಿವರಿಸಿದೆ. ಅವರು ಕೆಟ್ಟವರಲ್ಲ. "ಛಲೋ ಆತು, ಗಂಗಾಬಾಯಿ ಕಳ್ಳಿ ಅಲ್ಲ," ಎಂದು ನಿಜವಾಗಿಯೇ ಹಿಗ್ಗಿದರು, ಆಮೇಲೆ ಗಂಗಕ್ಕನನ್ನು ಕರೆಸಿ, "ನಾಳಿಂದ ಪೂರ್ತಿ ಹಿಂಡಿ ಕೊಡ್ರಿ. ಕ್ವಾಣ ಬೆಳಸಿ ಏನ ಮಾಡೂದದ? ನನ್ನ ಹುಡುಗೂರು ಓದೂವರದಾರ. ಆಗೂದಿಲ್ಲಂದ್ರ ಬ್ಯಾರೆ ಕಡೆ ನೋಡ್ತೀನಿ," ಎಂದರು. ವಾದ ಬಲವಾಗಿಯೇ ಇತ್ತು. ಯಡ್ರಾವದಿಂದ ಬಂದ ಮಗ್ಗದವರ ಮಕ್ಕಳ ಎಲುಬುಗಳನ್ನು ನಾನು ದಿನಾ ಊಟದ ಸಾಲಿನಲ್ಲಿ ಕಾಣುತ್ತಿದ್ದೆ. ಆ ಎಲುಬುಗಳೆದುರು ಕರುವಿನ ಪರ ವಕಾಲತ್ತನ್ನು ನಾನು ಕೈಬಿಟ್ಟೆ. ಗಂಗಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, "ಹೂಂ ರೀ," ಎಂದಳು.

ಕೆನೆ ಬಂತು. ದಪ್ಪಗೆ, ಚಮಚಕ್ಕೆ ಅಂಟುವಂತೆ. ಹುಡುಗರು ಗಂಗಕ್ಕನಿಗೆ ಜಯಕಾರ ಹಾಕಿದರು. ಕಥೆ ಹುಟ್ಟಿದ್ದು ಆಗಲೇ. ಆ ಬೆಳಿಗ್ಗೆ ಅವಳು ಖಾಲಿ ಚರಿಗೆ ಹಿಡಿದು ಹೊರಟಾಗ ನಾನು ಬಾಗಿಲವರೆಗೆ ಹೋದೆ. ಸಭೆಗಳಲ್ಲಿ ಎಷ್ಟೋ ಪ್ರಶ್ನೆಗಳನ್ನು ಗೆಲ್ಲಲೆಂದೇ ಕೇಳಿದ್ದೇನೆ, ಬಾಗಿಲಲ್ಲಿ ಅವಳಿಗೆ ಹಾಕಿದ ಈ ಒಂದನ್ನು ಹಾಗೆ ಕೇಳಲಿಲ್ಲ. ಅವಳು ತಿರುಗಿ ನೋಡಿದಳು, ಚರಿಗೆಯನ್ನು ಸೊಂಟಕ್ಕೇರಿಸಿ ಓಣಿಗಿಳಿದಳು. ಕೇಳಿದ್ದಿಷ್ಟೇ:

"ಗಂಗಕ್ಕಾ, ಖಾಲಿ ಕೆಚ್ಚಲಕ್ಕ ಆ ಕರು ಮೂತಿಲೆ ಹಾಯಾಕತ್ತಾಗ ನೀ ಯಾ ಕಡೆ ನೋಡ್ತಿ?"