ಕರಿ ಪೂಡಲ್‌ನ ಕೂದಲು

ಬಿಳಿಯ ಮರಿಯನ್ನೇ ತರಬಹುದಿತ್ತು. ಕಪ್ಪನ್ನು ಆರಿಸಿದವಳು ನಾನೇ.

ಲಿಂಗನಮಕ್ಕಿ ಡ್ಯಾಮಿನ ಕೆಲಸ ಮುಗಿದು, ಕಾಲೊನಿಯ ಎಂಜಿನಿಯರುಗಳು ಒಬ್ಬೊಬ್ಬರಾಗಿ ಸಾಮಾನು ಕಟ್ಟುತ್ತಿದ್ದ ದಿನಗಳು ಅವು. ನನ್ನ ಗಂಡ ಅಲ್ಲಿ ಓವರ್‌ಸಿಯರ್ ಆಗಿದ್ದರು. ನಮ್ಮ ಬಾಡಿಗೆ ಮನೆ ಸಾಗರದ ಊರಂಚಿನಲ್ಲಿತ್ತು; ಹಿತ್ತಲ ಬೇಲಿ ದಾಟಿದರೆ ಕಾನು, ದಟ್ಟ ಕಾಡು ಶುರು. ಕಲ್ಕತ್ತೆಗೆ ಹೊರಟಿದ್ದ ಎಂಜಿನಿಯರ್ ಒಬ್ಬರ ಹೆಂಡತಿಗೆ ನನ್ನ ಕಾನ್ವೆಂಟ್ ಇಂಗ್ಲಿಷ್ ಎಂದರೆ ಇಷ್ಟ. ಅವರ ಪೂಡಲ್ ನಾಯಿ ಮೂರು ಮರಿ ಹಾಕಿತ್ತು. ಒಂದು ನನಗೆ ಎಂದರು.

ಮರಿ ಆರಿಸುವುದನ್ನೂ ಅವರೇ ಕಲಿಸಿದರು. ಮೊದಲು ಮೈಮೇಲೆ ಹಾರುವುದು ಬೇಡ, ಅದು ಮಾತು ಕೇಳುವುದಿಲ್ಲ. ಕುರ್ಚಿಯಡಿ ಅಡಗುವುದೂ ಬೇಡ, ಮುಂದೆ ಹೆದರಿ ಕಚ್ಚುತ್ತದೆ. ಹಿಂದಿನಿಂದ ಚಪ್ಪಾಳೆ ತಟ್ಟಿದಾಗ ನಿಂತು ನೋಡಿ, ಆಮೇಲೆ ಹತ್ತಿರ ಬರುವ ಮರಿಯೇ ಸರಿ. ಹಾಗೆ ಬಂದವು ಎರಡು. "ವೈಟ್ ಈಸ್ ಪ್ರಿಟಿಯರ್, ಡಿಯರ್" ಎಂದರು ಆಕೆ. ನಾನು ನಮ್ಮ ಅಂಗಳದ ಕೆಂಪು ಮಣ್ಣನ್ನು ನೆನೆದು, ಕೊಳೆ ಕಾಣುವುದಿಲ್ಲವೆಂದು ಕಪ್ಪನ್ನು ಎತ್ತಿಕೊಂಡೆ.

ಈ ಜಾತಿಗೆ ಕೂದಲು ಉದುರುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಆರು ವಾರಕ್ಕೊಮ್ಮೆ ಕತ್ತರಿಸಬೇಕು. ದಿನವೂ ಬ್ರಷ್ ಮಾಡಿ, ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಬೇಕು. ಇದನ್ನೆಲ್ಲ ಆಕೆ ಒಂದು ಕಾಗದದಲ್ಲಿ ಬರೆದುಕೊಟ್ಟರು. ದೊಡ್ಡದಾದ ಮೇಲೆ ಮೈತುಂಬ ಕೂದಲಿದ್ದಾಗ ಒಂದು ಫೋಟೊ ಕಳಿಸು ಎಂದು ಕೆಳಗೆ ಸೇರಿಸಿದ್ದರು.

ಮನೆಯಲ್ಲಿ ಅತ್ತೆ ಇದ್ದರು. ತುಮರಿ ಕಡೆಯ ಅವರ ಮನೆಯೂ ಗೇಣಿಯ ಗದ್ದೆಯೂ ಡ್ಯಾಮಿನ ನೀರಿನಡಿ ಹೋಗಿದ್ದವು. ಜೀವಮಾನವಿಡೀ ಸಸಿ ಕಿತ್ತು ನೆಟ್ಟ ಕೈಗಳಿಗೆ ನನ್ನ ಸೀಮೆಎಣ್ಣೆ ಸ್ಟವ್ವಿನ ಅಡುಗೆಮನೆಯಲ್ಲಿ ಕೆಲಸವೇ ಇರಲಿಲ್ಲ.

"ಎಂತ ಮಾರಾಯ್ತಿ ಇದು? ನಾಯಿಯೋ, ಕುರಿಯೋ?"

"ಪೂಡಲ್, ಅತ್ತೆ."

"ಹೆಸರು ಕೇಳಲಿಲ್ಲ ನಾನು, ಜಾತಿ ಕೇಳಿದ್ದು."

"ಜಾತಿಯೇ ಅದು."

"ಹಂಗಾದ್ರೆ ತುಪ್ಪಟ ಕತ್ತರಿಸಿ ಕಂಬಳಿ ನೇಯ್ಸು. ನಿನ್ನ ಗಂಡಂಗೊಂದು, ನಂಗೊಂದು."

ತಿಂಗಳು ಕಳೆಯುವುದರೊಳಗೆ ನಾಯಿ ಅವರದಾಗಿತ್ತು. ಊಟವಾದ ಮೇಲೆ ಜಗಲಿಯಲ್ಲಿ ಕಾಲು ಚಾಚಿ, ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೊಮ್ಮಗುವಿನ ತಲೆ ನೋಡುವ ಹಾಗೆ ಕೂದಲು ಬಿಡಿಸಿ ನೋಡುತ್ತಿದ್ದರು. ರಕ್ತ ಹೀರುವ ಉಣುಗು ಸಿಕ್ಕಿದರೆ ಕಿತ್ತು, ಎಡಗೈ ಹೆಬ್ಬೆರಳ ಉಗುರಿನ ಮೇಲಿಟ್ಟು ಬಲಗೈ ಉಗುರಿನಿಂದ ಕುಕ್ಕುವುದು. ಟಕ್. ಹೇನು ಕುಕ್ಕುವ ಅದೇ ರೀತಿ. ಆಮೇಲೆ ಸೆರಗಿಗೆ ಬೆರಳು ಒರೆಸಿಕೊಳ್ಳುವುದು. ನಾನು ಒಳಗೆ ಹಳೆಯ ಇಂಗ್ಲಿಷ್ ಮ್ಯಾಗಜೀನ್ ಓದುತ್ತ ಆ ಟಕ್ ಟಕ್ ಕೇಳುತ್ತಿದ್ದೆ. ಬ್ರಷ್ ಮೊಳೆಗೆ ನೇತು ಹಾಕಿದಲ್ಲೇ ಇತ್ತು.

ಆ ಬೇಸಿಗೆಯಲ್ಲಿ ಹೆಂಚಿನ ಮೇಲೆ ಮಂಗಗಳು ಬರುವುದು ನಿಂತುಹೋಯಿತು. ಹಪ್ಪಳ ಒಣಗಿಸಲು ಕಾವಲು ಬೇಡವಾಯಿತಲ್ಲ ಎಂದು ನಾನು ಖುಷಿಪಟ್ಟೆ.

ಒಂದು ಮಂಗಳವಾರ ಸೌದೆ ತರುವ ಹೆಂಗಸು ಹೊರೆ ಇಳಿಸಿ, ನಾಯಿಯನ್ನೇ ನೋಡುತ್ತ ನಿಂತಳು. ಅತ್ತೆ ಬಚ್ಚಲಲ್ಲಿದ್ದರು.

"ಅಮ್ಮಾ, ಕಾನಲ್ಲಿ ಮಂಗ ಸತ್ತು ಬೀಳ್ತಿದಾವೆ. ನಿನ್ನೆ ಎರಡು ಕಂಡೆ. ನಿಮ್ಮ ಈ ಕರಡಿಮರೀನ ಆ ಕಡೆ ಬಿಡಬ್ಯಾಡಿ, ಉಣುಗು ಹತ್ತಿಸ್ಕಂಡು ಬತ್ತದೆ. ಕೂದ್ಲು ಪೂರಾ ತೆಗೆದುಬಿಡಿ. ಉಣುಗು ಕೈಯಲ್ಲಿ ಮುಟ್ಟಬ್ಯಾಡಿ ಅಂತ ಆಸ್ಪತ್ರೆಯೋರು ನಮ್ಮ ಕೇರಿಗೆ ಬಂದು ಹೇಳಿ ಹೋದ್ರು."

ಉಣುಗಿನಿಂದ ಮನುಷ್ಯರಿಗೆ ಹತ್ತುವ ಮಂಗನ ಕಾಯಿಲೆಯ ಸುದ್ದಿ ನಮಗೆ ಹೊಸದಲ್ಲ. ಆದರೆ ಅದು ಯಾವಾಗಲೂ ಬೇರೆ ಊರಿಗೆ ಬರುವ ಕಾಯಿಲೆ. ನಾನು ನಾಯಿಯನ್ನು ನೋಡಿದೆ. ಮೈತುಂಬ ಗುಂಗುರು, ತಲೆಯ ಮೇಲೆ ಕಿರೀಟದ ಹಾಗೆ. ಸೋ ಡಿಗ್ನಿಫೈಡ್. ಕಲ್ಕತ್ತೆಗೆ ಕಳಿಸಲೆಂದು ಭಾನುವಾರ ಫೋಟೊ ತೆಗೆಯುವವರು ಬರುವುದಿತ್ತು. ಸೋಮವಾರ ಕತ್ತರಿಸಿದರಾಯಿತು ಎಂದುಕೊಂಡೆ.

ಕೈಯಲ್ಲಿ ಮುಟ್ಟಬೇಡಿ ಎಂದು ಅತ್ತೆಗೆ ಅಂದೇ ಹೇಳಬಹುದಿತ್ತು. ಮಧ್ಯಾಹ್ನ ಹೇಳಲೆಂದೇ ಬಾಗಿಲವರೆಗೆ ಬಂದೆ. ಅತ್ತೆ ನಾಯಿಯ ಕಿವಿ ಮಗುಚಿ, ನಾಟಿಯ ಹಾಡೊಂದನ್ನು ಗುನುಗುತ್ತಿದ್ದರು. ಊರು ಬಿಟ್ಟ ಮೇಲೆ ಅವರು ಹಾಡಿದ್ದು ಅದೇ ಮೊದಲು. ಹಾಡು ನಿಲ್ಲಿಸಲು ಮನಸ್ಸಾಗಲಿಲ್ಲ ಎಂದು ಬರೆದರೆ ಚೆಂದ ಕಾಣುತ್ತದೆ. ನಿಜ ಅಷ್ಟೇ ಅಲ್ಲ. ನಾಯಿ ಇಲ್ಲದಿದ್ದರೆ ಅವರು ಒಳಗೆ ಬಂದು ನನ್ನ ಪಕ್ಕ ಕೂತು, ಮುಳುಗಿದ ಗದ್ದೆಗಳ ಒಂದೊಂದೇ ಹೆಸರು ಹೇಳಿ ನಿಟ್ಟುಸಿರು ಬಿಡುತ್ತಿದ್ದರು. ನನಗೆ ಅದು ಸಾಕಾಗಿತ್ತು. ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿಕೊಂಡು ಬಂದು ಓದತೊಡಗಿದೆ.

ಭಾನುವಾರ ಫೋಟೊ ಆಯಿತು. ಸೋಮವಾರ ಹಿತ್ತಲಲ್ಲಿ ಪೇಪರ್ ಹಾಸಿ ಕತ್ತರಿ ಹಿಡಿದೆ. ಕರಿ ಕೂದಲು ರಾಶಿಯಾಗಿ ಬೀಳುತ್ತ ಬಂತು. ಕಿವಿಯ ಹಿಂದೆ ಚರ್ಮ ಕಂಡಾಗ ಕೈ ನಿಂತಿತು. ಅತ್ತೆಯ ಕಣ್ಣಿಗೆ ಬೀಳುತ್ತಿದ್ದ ದಪ್ಪ ಉಣುಗುಗಳಲ್ಲ. ಎಳ್ಳಿಗಿಂತ ಸಣ್ಣ ಎಳೆಯ ಉಣುಗುಗಳು, ಒತ್ತೊತ್ತಾಗಿ, ಸಾಲುಸಾಲು. ಬಿಳಿಯ ಮರಿಯಾಗಿದ್ದರೆ ಎಂದೋ ಕಾಣುತ್ತಿದ್ದವು.

ಬುಧವಾರ ಬೆಳಿಗ್ಗೆ ಅತ್ತೆ ಏಳಲಿಲ್ಲ.

"ತಲೆ ಒಡೆದು ಹೋಗ್ತದೆ ಕಣೆ. ಸೊಂಟ ಯಾರೋ ಮುರಿದು ಹಾಕಿದ ಹಂಗೆ." ಕಣ್ಣು ಕೆಂಡವಾಗಿತ್ತು.

ಆಸ್ಪತ್ರೆಯ ಡಾಕ್ಟರು ಆ ಕಣ್ಣು ನೋಡಿದ ಕೂಡಲೇ ಕೇಳಿದ್ದು ಒಂದೇ: "ಕಾನಿಗೆ ಹೋಗಿದ್ರಾ?" ಅತ್ತೆಗೆ ಉತ್ತರಿಸುವ ಶಕ್ತಿ ಇರಲಿಲ್ಲ. ಇದಕ್ಕೆಂದು ಬೇರೆ ಔಷಧಿಯಿಲ್ಲ, ಕಾಯಬೇಕು ಎಂದರು. ಜ್ವರ ಬಿಟ್ಟ ಮೇಲೂ ಕೆಲವರಿಗೆ ಮೂರನೇ ವಾರ ತಿರುಗಿ ಬರುತ್ತದೆ, ಆಗ ತಲೆಗೆ ಏರುತ್ತದೆ ಎಂದು ನನ್ನ ಗಂಡನನ್ನು ಹೊರಗೆ ಕರೆದು ಹೇಳಿದರು.

ಹನ್ನೆರಡನೇ ದಿನ ಜ್ವರ ಬಿಟ್ಟಿತು. ಮನೆಗೆ ಕರೆತಂದೆವು. ಗಂಜಿ ಕುಡಿದರು, ಉಪ್ಪು ಸಾಲದು ಎಂದು ಬೈದರು. ನನ್ನ ಗಂಡ ಗೆದ್ದೆವೆಂದು ನಕ್ಕರು. ನಾನು ಕ್ಯಾಲೆಂಡರ್ ನೋಡುತ್ತಿದ್ದೆ. ಬೋಳಾದ ನಾಯಿ ಮಂಚದ ಹತ್ತಿರ ಬಂದರೆ ಅತ್ತೆ, "ಇದ್ಯಾರದ್ದೇ ನಾಯಿ?" ಎಂದರು. ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ಮೂರನೇ ವಾರ ಶುರುವಾದ ಎರಡನೇ ದಿನ ಅವರ ಕೈಯ ಲೋಟ ನಡುಗಿ ಕಾಫಿ ಹಾಸಿಗೆಗೆ ಚೆಲ್ಲಿತು.

ಆ ಸಂಜೆ ನನ್ನ ಗಂಡ ಪಕ್ಕದ ಮನೆಯಿಂದ ಕೋವಿ ತಂದು ಗೋಡೆಗೆ ಒರಗಿಸಿದರು.

"ಅಮ್ಮಾ, ಈ ನಾಯಿಯಿಂದ ಬಂದಿದ್ದಾ? ಹೇಳು. ಇವತ್ತೇ ಮುಗಿಸಿಬಿಡ್ತೀನಿ."

ಅತ್ತೆಯ ನಾಲಿಗೆ ತೊದಲುತ್ತಿತ್ತು. ಆದರೂ ಒಂದೊಂದೇ ಮಾತು ಬಿಡಿಸಿ ಹೇಳಿದರು. "ಅದಕ್ಕೆಂತ ಮಾಡ್ತೀಯೋ, ಬಾಯಿಲ್ಲದ್ದು. ನಾನೇ ಕಾನಿಗೆ ಹೋಗಿದ್ದೆ, ಮುರುಗಲ ಹಣ್ಣು ಆರಿಸಕ್ಕೆ. ಇವಳು ಬೇಡ ಅಂದ್ಳು. ನಾನೇ ಕೇಳ್ಲಿಲ್ಲ."

ಅತ್ತೆ ಆ ಬೇಸಿಗೆಯಲ್ಲಿ ಬೇಲಿ ದಾಟಿರಲೇ ಇಲ್ಲ. ನಾಯಿಯನ್ನು ಉಳಿಸಲು ಕಟ್ಟಿದ ಸುಳ್ಳಿಗೆ, ಮಗ ನಂಬಲೆಂದು, ನನ್ನನ್ನೂ ಸೇರಿಸಿಕೊಂಡಿದ್ದರು.

ನನ್ನ ಗಂಡ ನನ್ನ ಕಡೆ ತಿರುಗಿದರು. "ಹೌದೇನೇ?"

"ಹೌದು" ಎಂದೆ.

ಅದಾದ ನಾಲ್ಕನೇ ದಿನ ಅತ್ತೆ ಹೋದರು. ನಾಯಿ ಮತ್ತೆ ಹನ್ನೊಂದು ವರ್ಷ ಬದುಕಿತು. ಅದರ ಕೂದಲನ್ನು ನಾನು ಒಂದು ಅಂಗುಲವೂ ಬೆಳೆಯಲು ಬಿಡಲಿಲ್ಲ. ಮನೆಗೆ ಬಂದವರಿಗೆಲ್ಲ ನನ್ನ ಗಂಡ ಹೇಳುತ್ತಿದ್ದರು: "ನಮ್ಮಮ್ಮಂದು ಹಟ. ಇವಳು ಅಷ್ಟು ಹೇಳಿದ್ಲು, ಕಾನಿಗೆ ಹೋಗಬೇಡಿ ಅಂತ." ಬಂದವರು ನನ್ನನ್ನು ಕನಿಕರದಿಂದ, ಕೊಂಚ ಗೌರವದಿಂದಲೂ ನೋಡುತ್ತಿದ್ದರು. ನಾನು ಅವರ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.